ಕೋಟಯ್ಯನ ಕೊನೆಯ ಎರಡು ಮಾತು

ಸಿಂಧನೂರಿನ ಕೋರ್ಟಿನಲ್ಲಿ ಹೇಳಿಕೆ ಕೊಡಬೇಕಾದದ್ದು ಹನ್ನೊಂದಕ್ಕೆ. ಅಮರಮ್ಮ ಎಂಟಕ್ಕೇ ಬಸ್‌ಸ್ಟ್ಯಾಂಡಿಗೆ ಬಂದಿದ್ದಳು. ಕಟ್ಟೆಯ ಮೇಲೆ ಕೂತರೆ ಕೂಡಲಾಗದು, ಎದ್ದರೆ ನಿಲ್ಲಲಾಗದು. ನಾಲ್ಕು ಹೆಜ್ಜೆ ರಸ್ತೆಗೆ ಹೋಗಿ ಬಸ್ಸು ನೋಡುವಳು, ಮತ್ತೆ ಬಂದು ಕೂಡುವಳು.

"ಸೀರಿಯಾಗ ಇರಿವಿ ಹೊಕ್ಕಾವೇನಬೇ?" ಎಂದಳು ಬಳೆ ಮಾರುವ ಪೀರ್‌ಬೀ, ತನ್ನ ಬುಟ್ಟಿಯನ್ನು ಬಿಸಿಲಿನಿಂದ ಒಳಗೆ ಸರಿಸುತ್ತ.

ಅಮರಮ್ಮ ಮತ್ತೆ ರಸ್ತೆಗೆ ಹೋಗಿ ನೋಡಿ ಬಂದಳು. ಮೂರು ದಿನದಿಂದ ಅವಳಿಗೆ ಊಟ ಸೇರಿರಲಿಲ್ಲ. ನಾಟಿ ಹೆಣ್ಣಾಳುಗಳ ಗುಂಪಿಗೆ ಇಪ್ಪತ್ತು ವರ್ಷದಿಂದ ಅವಳೇ ಮುಂದಾಳು; ಆ ಗುಂಪಿನ ಬಸ್ಸಮ್ಮ ಈಗ ಕೊಲೆ ಆರೋಪದಲ್ಲಿ ಪೊಲೀಸರ ಕೈಯಲ್ಲಿದ್ದಳು. ಅವಳನ್ನು ಅಲ್ಲಿಗೆ ಕಳಿಸಿದ್ದು ಅಮರಮ್ಮನದೇ ಬಾಯಿ.

ಸತ್ತವನು ಕೋಟಯ್ಯ, ಕಾಲುವೆಯಾಚೆ ಆಂಧ್ರದವರ ಕ್ಯಾಂಪಿನ ರೈತ. ಸೋಮವಾರ ಮುಂಜಾನೆ ನಾಟಿ ತೆಳುವಾಯಿತೆಂದು ಅವನು ಬಸ್ಸಮ್ಮನನ್ನು ಎಲ್ಲರೆದುರು ಬೈದಿದ್ದ. ಬಸ್ಸಮ್ಮ ಸುಮ್ಮನಿರುವ ಹೆಣ್ಣಲ್ಲ. "ಇನ್ನೊಂದು ಮಾತು ಆಡಿ ನೋಡು, ಹುಲ್ಲು ಕೊಯ್ಯೂ ಕುಡಗೋಲಿಲೆ ನಿನ್ನ ಹೊಟ್ಟಿ ಕೊಯ್ತೀನಿ" ಎಂದಿದ್ದಳು. ಹೆಣ್ಣಾಳುಗಳೆಲ್ಲ ನಕ್ಕಿದ್ದರು.

ಮಧ್ಯಾಹ್ನ ಬುತ್ತಿ ಉಂಡ ಮೇಲೆ ಬಸ್ಸಮ್ಮ ಎಮ್ಮೆಗೆ ಹುಲ್ಲು ಕೊಯ್ಯಲು ಕಾಲುವೆ ಬದುವಿಗೆ ಹೋದಳು. ಸ್ವಲ್ಪ ಹೊತ್ತಿಗೆ ಅವಳ ಕೂಗು ಕೇಳಿತು. ಅಮರಮ್ಮ ಓಡಿದಳು. ಸಸಿಮಡಿಯ ಪಕ್ಕದಲ್ಲಿ ಕೋಟಯ್ಯ ಬಿದ್ದಿದ್ದ, ಹೊಟ್ಟೆಯಿಂದ ರಕ್ತ. ಅವನನ್ನು ಎತ್ತಲು ಹೋಗಿ ಬಸ್ಸಮ್ಮನ ಸೀರೆಯೂ ಕುಡಗೋಲೂ ಕೆಂಪಾಗಿದ್ದವು. ಅಮರಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವನು ಎರಡೇ ಮಾತು ಆಡಿದ, "ಎದ್ದು ಪೊಡಿಚಿಂದಿ." ಜೀವ ಹೋಯಿತು.

ಕ್ಯಾಂಪಿನ ಕೆಲಸ ಮಾಡಿ ಮಾಡಿ ಅಮರಮ್ಮನಿಗೆ ಅರ್ಧ ತೆಲುಗು ಬರುತ್ತಿತ್ತು. ಬಂದಳು ಅನ್ನಲು 'ವಚ್ಚಿಂದಿ' ಅನ್ನುವುದು ಗೊತ್ತಿತ್ತು, 'ಪೊಡಿಚಿ' ಅಂದರೆ ಚುಚ್ಚಿ ಎಂಬುದೂ. ಹಾಗಾದರೆ 'ಪೊಡಿಚಿಂದಿ' ಎಂದರೆ ಚುಚ್ಚಿದಳು. ಕೋಟಯ್ಯನಂಥವರು ಆಡುವುದು ಹೇಗೂ ಕಲಬೆರಕೆ ಮಾತು, ಒಂದು ಕನ್ನಡ ಒಂದು ತೆಲುಗು. ಪೊಲೀಸರು ಕೇಳಿದಾಗ ಅವಳು ಶುದ್ಧ ಕನ್ನಡದಲ್ಲೇ ಹೇಳಿಬಿಟ್ಟಳು: "ಎದ್ದು ಚುಚ್ಚಿದಳು ಅಂದ್ರು ಸಾಹೇಬ್ರ." ಕುಡಗೋಲು ಕೈಯಲ್ಲಿದ್ದ ಹೆಣ್ಣು ಒಬ್ಬಳೇ. ಮುಂದೆ ಯಾರೂ ಏನೂ ಕೇಳಲಿಲ್ಲ.

ಆದರೆ ಗಾಯವನ್ನು ಅವಳು ಕಂಡಿದ್ದಳು. ಕುಡಗೋಲು ಎಳೆದರೆ ಗೀರು ಬೀಳಬೇಕು. ಅಲ್ಲಿದ್ದದ್ದು ಗುಂಡಗಿನ ತೂತು. ಮೂರು ದಿನದಿಂದ ಕಣ್ಣು ಮುಚ್ಚಿದರೆ ಅದೇ ತೂತು.

ಕಟ್ಟೆಯ ತುದಿಯಲ್ಲಿದ್ದ ಕ್ಯಾಂಪಿನ ಮುದುಕಿಯೊಬ್ಬಳು ಗಂಟು ಎತ್ತಿಕೊಂಡು ತನ್ನ ಸೊಸೆಗೆ, "ಬಸ್ಸು ವಚ್ಚಿಂದಿ, ಲೇ" ಎಂದಳು.

ಅಮರಮ್ಮ ಎದ್ದವಳು ಹಾಗೇ ನಿಂತಳು. ವಚ್ಚಿಂದಿ. ಬಸ್ಸಿಗೂ ವಚ್ಚಿಂದಿಯೇ.

"ಪೀರ್‌ಬೀ, ಬಸ್ಸೇನು ಹೆಣ್ಣೇನು?"

"ಏನಂತಿ?"

"ತೆಲುಗಿನ್ಯಾಗ ಹೆಂಗಸು ಬಂದ್ರೂ ವಚ್ಚಿಂದಿ, ಬಸ್ಸು ಬಂದ್ರೂ ವಚ್ಚಿಂದಿನ?"

"ಹೂಂ ಮತ್ತ. ಆಕಿಗೂ ಅದಕ್ಕೂ ಅವರದು ಒಂದ ಲೆಕ್ಕ. ಗಂಡಸರಿಗೆ ಅಷ್ಟ ಬ್ಯಾರೆ."

"ಎದ್ದು ಪೊಡಿಚಿಂದಿ ಅಂದ್ರ?"

ಮೂವತ್ತು ವರ್ಷ ಕ್ಯಾಂಪು ಕ್ಯಾಂಪು ತಿರುಗಿದ ಪೀರ್‌ಬೀ ಬಳೆಗಳನ್ನು ಹಗ್ಗಕ್ಕೆ ಪೋಣಿಸುತ್ತಲೇ ಹೇಳಿದಳು: "ಎತ್ತು ಹಾಯ್ತು ಅಂತ, ಕೊಂಬಿಲೆ. ಎದ್ದು ಅಂದ್ರ ಎತ್ತಲ್ಲೇನ ಅವರಿಗೆ? ಯಾರಿಗೆ ಹಾಯ್ತು?"

ಬಸ್ಸು ಬಂತು, ನಿಂತಿತು, ಹೋಯಿತು. ಅಮರಮ್ಮ ಹತ್ತಲಿಲ್ಲ.

ಕ್ಯಾಂಪಿನಲ್ಲಿ ಎಲ್ಲಾ ಟ್ರ್ಯಾಕ್ಟರ್; ಎತ್ತಿಗೆ ಅವರು 'ಎದ್ದು' ಅನ್ನುವುದು ಅವಳ ಕಿವಿಗೆ ಬೀಳುವ ಪ್ರಸಂಗವೇ ಬಂದಿರಲಿಲ್ಲ. ಇನ್ನು ಊರಲ್ಲಿ ಬಿಡುಬೀಸಾಗಿ ತಿರುಗುವುದು ಒಂದೇ, ಗುಡಿಗೆ ಬಿಟ್ಟ ದೇವರ ಎತ್ತು. ಅದನ್ನು ಎತ್ತು ಎಂದು ಯಾರೂ ಕರೆಯುವುದಿಲ್ಲ. ಬಸವಣ್ಣ ಅನ್ನುತ್ತಾರೆ. ಯಾರ ಹೊಲದಲ್ಲಿ ಬಾಯಿ ಹಾಕಿದರೂ ಬಾರುಕೋಲು ಎತ್ತುವುದಿಲ್ಲ, ಕೈ ಮುಗಿಯುತ್ತಾರೆ. ಕೋಟಯ್ಯ ಒಬ್ಬನೇ ಸಸಿಮಡಿಯಿಂದ ಅದನ್ನು ಕೋಲಿನಿಂದ ಬಡಿದು ಓಡಿಸುತ್ತಿದ್ದವನು.

ಅಮರಮ್ಮ ಗುಡಿಯ ಕಡೆ ನಡೆದಳು. ಗುಡಿಯ ಹಿಂದೆ ಕಲ್ಯಾಣಮ್ಮ ಬಸವಣ್ಣನಿಗೆ ಮೈ ತಿಕ್ಕುತ್ತಿದ್ದಳು. ಗಂಡ ತೀರಿದ ವರ್ಷ ಹರಕೆ ಹೊತ್ತು ಬಿಟ್ಟ ಕರು ಅದು; ದಿನಾ ಮೈ ತೊಳೆಸಿ ಹಣೆಗೆ ವಿಭೂತಿ ಹಚ್ಚುವುದು ಅವಳೇ. ಅಮರಮ್ಮನ ಕಣ್ಣು ಹೋದದ್ದು ಕೊಂಬಿಗೆ. ತುದಿಗೆ ಟೊಪ್ಪಿಗೆಯಂತೆ ಹಾಕಿರುತ್ತಿದ್ದ ಗೆಜ್ಜೆಯ ಹಿತ್ತಾಳೆ ಅಣಸು ಎರಡೂ ಇರಲಿಲ್ಲ.

"ಬಸವಣ್ಣನ ಅಣಸು ಎಲ್ಲಿ ಅದಾವ ಯಕ್ಕಾ?"

"ತಿಕ್ಕಿ ಬೆಳಗಾಕ ತೆಗೆದೀನಿ."

"ಹುಣ್ಣಿವಿ ಹಿಂದಿನ ದಿನ ಬೆಳಗಾಕಿ ನೀ. ಹುಣ್ಣಿವಿ ಇನ್ನ ಹನ್ನೆರಡು ದಿನ ಐತಿ."

ಕಲ್ಯಾಣಮ್ಮನ ಕೈ ನಿಂತಿತು. ಬಸವಣ್ಣ ಇನ್ನೂ ತಿಕ್ಕಲೆಂದು ಕತ್ತು ಚಾಚಿತು.

"ಸೋಮವಾರ ಬಂದಾಗ ಕೊಂಬಿಗೆ ರಗತ ಇತ್ತು," ಎಂದಳು ಕೊನೆಗೆ. "ಬೆನ್ನ ಮ್ಯಾಲ ಕೋಲಿನ ಬಾಸುಂಡಿ. ಬಸವಣ್ಣ ಮನಿಷಾನ್ನ ಕೊಂದಾನ ಅಂತ ನಾ ಯಾವ ಬಾಯಿಲೆ ಹೇಳಲಿ ಅಮರಮ್ಮ? ಇದನ್ನ ಎಲ್ಲಿಗೆ ಒಯ್ತಾರೋ ಏನೋ."

"ಬಸ್ಸಮ್ಮನ್ನ ಒಯ್ದಾರಲ್ಲ."

"ಆಕಿ ಬಾಯಿ ಜೋರು, ಹೆಂಗರ ಉಳಕೋತಾಳ ಅಂದಕೊಂಡೆ."

"ಬಾಯಿ ಜೋರು ಅಂತನ ಆಕೀನ್ನ ಒಯ್ದಾರ. ಮೂಕ ಬಸವಣ್ಣನ ತಪ್ಪು ಆಕಿ ಹೊರಬೇಕೇನು? ಆಕೀಗೆ ಎರಡು ಹೆಣ್ಣು ಮಕ್ಕಳು ಅದಾವ ಯಕ್ಕಾ. ಅಣಸು ತೊಳದಿ?"

ಕಲ್ಯಾಣಮ್ಮ ಇಲ್ಲವೆಂದು ತಲೆಯಾಡಿಸಿದಳು. "ತೊಳದರೂ ಪಾಪ, ಇಟ್ಟರೂ ಪಾಪ. ದೇವರ ಜಗಲಿ ಮ್ಯಾಲ ಅರಿವ್ಯಾಗ ಸುತ್ತಿಟ್ಟೀನಿ."

"ತಗೊಂಡು ನಡಿ. ನೀ ಅಣಸು ತೋರಿಸು ಸಾಕು. ಹೇಳೂದು ನಾ ಹೇಳ್ತೀನಿ, ತಪ್ಪು ಹೇಳಿದಾಕಿ ನಾ."

ಕಲ್ಯಾಣಮ್ಮ ಬಸವಣ್ಣನ ಹಣೆ ಮುಟ್ಟಿ ಒಳಗೆ ಹೋದಳು. ಹೊರಗೆ ಬರಲು ಅವಳು ಹಿಡಿದ ಹೊತ್ತು ಅಮರಮ್ಮನಿಗೆ ಮೂರು ದಿನಕ್ಕಿಂತ ಉದ್ದವಾಯಿತು.

ಒಂಬತ್ತೂವರೆಯ ಬಸ್ಸು ಸಿಕ್ಕಿತು. ಕೋರ್ಟಿನಲ್ಲಿ ಅಮರಮ್ಮ ಈ ಸಲ ಕೋಟಯ್ಯನ ಮಾತನ್ನು ಅವನು ಆಡಿದ ಹಾಗೇ ಹೇಳಿದಳು, ಒಂದು ಅಕ್ಷರ ಬದಲಿಸದೆ. ತೆಲುಗು ಬಲ್ಲ ವಕೀಲರೊಬ್ಬರನ್ನು ಕರೆಸಿದರು. ಅವರೂ ಪೀರ್‌ಬೀ ಹೇಳಿದ್ದನ್ನೇ ಹೇಳಿದರು. ಅರಿವೆಯ ಗಂಟು ಮೇಜಿನ ಮೇಲೆ ಬಿಚ್ಚಿಕೊಂಡಿತು. ಡಾಕ್ಟರ ವರದಿ ಬರುವ ತನಕ ಬಸ್ಸಮ್ಮನನ್ನು ಬಿಡಲಾಗದು, ಆದರೆ ಬಂದ ಮೇಲೆ ಹೆಚ್ಚು ದಿನ ಹಿಡಿಯಲಿಕ್ಕಿಲ್ಲ ಎಂದು ಅದೇ ವಕೀಲರು ಹೊರಗೆ ಬಂದು ಹೇಳಿದರು.

ವರಾಂಡದ ಬೆಂಚಿನ ಮೇಲೆ ಇಬ್ಬರು ಹೆಣ್ಣು ಪೊಲೀಸರ ನಡುವೆ ಬಸ್ಸಮ್ಮ ಕೂತಿದ್ದಳು. ಅಮರಮ್ಮ ಎದುರಿಗೆ ಹೋಗಿ ನಿಂತಳು.

ಬಸ್ಸಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಎರಡು ಭಾಷಿ ಬರ್ತಾವ ಅಂತ ಭಾಳ ಮೆರೀತಿದ್ದಿ," ಎಂದಳು. "ಹೋಗು, ನನ್ನ ಎಮ್ಮಿಗೆ ಹುಲ್ಲು ಹಾಕು. ಮೂರು ದಿನ ಆತು."

"ದಿನಾ ಹಾಕಾಕತ್ತೀನಿ," ಎಂದಳು ಅಮರಮ್ಮ.

ಬಸ್ಸಮ್ಮ ಮುಖ ಆಚೆ ತಿರುಗಿಸಿದಳು. ಆದರೆ ಬೆಂಚಿನ ಮೇಲೆ ಸ್ವಲ್ಪ ಸರಿದು ಕೂತಳು, ಇನ್ನೊಬ್ಬರು ಕೂಡುವಷ್ಟು.