ಹೂಂ ಅಂದಿದ್ದಳು

"ಆ ತಾಯಿ ಹೂಂ ಅಂದಿದ್ದಳಲ್ಲ, ಮತ್ತೇನು?" ಎಂದು ಮೆಟ್ಟಿಲು ಹತ್ತುತ್ತ ಬಸ್ಕೊರೊ ತನಗೇ ಸಮಜಾಯಿಷಿ ಹೇಳಿಕೊಂಡ. ಯೋಗ್ಯಕರ್ತ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಅವನು ಹೆಸರು ಮಾಡಿದ ಅರಿವಳಿಕೆ ತಜ್ಞ. ಜಾವಾದಲ್ಲಿ ಹೂಂ ಎಂದರೆ ಒಪ್ಪಿಗೆಯಲ್ಲ, ಕೇಳಿಸಿತು ಎಂಬುದಷ್ಟೇ ಎಂದು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ. ಅವನೂ ಮನಸ್ಸಿಲ್ಲದಿದ್ದರೂ ಅಪ್ಪನಿಗೆ ಹೂಂ ಅನ್ನುತ್ತಲೇ ಡಾಕ್ಟರಾದವನು.

ಬೆಳಿಗ್ಗೆ ಲಾರಸ್‌ಳ ಸೊಂಟದ ಮೂಳೆಗೆ ಆಪರೇಷನ್ ಆಗಿತ್ತು. ಒಂಬತ್ತು ವರ್ಷದ ಹುಡುಗಿ. ಹುಟ್ಟುವಾಗಲೇ ಮಿದುಳಿಗೆ ಪೆಟ್ಟು, ಮಾತಿಲ್ಲ, ಕೈಕಾಲು ಸೆಟೆದಿವೆ. ಎಚ್ಚರವಾದಾಗ ಒಂದು ಸದ್ದೂ ಇಲ್ಲ. "ಎಷ್ಟು ಜಾಣೆ ನೋಡಿ. ನೋವೇನಿಲ್ಲ ಅಲ್ವಾಮ್ಮ?" ಎಂದು ಬಸ್ಕೊರೊ ಕೇಳಿದ್ದ. ತಾಯಿ ತುಮಿರಾ ತಲೆ ತಗ್ಗಿಸಿ ಹೂಂ ಅಂದಳು. ಇಂಥ ಮಕ್ಕಳಿಗೆ ಮಾರ್ಫಿನ್ ಕೊಟ್ಟರೆ ಎಲ್ಲಿ ಉಸಿರು ನಿಂತೀತೋ ಎಂಬ ಭಯ ಅವನಿಗೆ ಯಾವಾಗಲೂ ಇತ್ತು. ಪ್ಯಾರಾಸಿಟಮಾಲ್ ಸಾಕು ಎಂದು ಬರೆದು ಕೈತೊಳೆದುಕೊಂಡ.

ಈಗ ಸಂಜೆ. ವಾರ್ಡಿನಲ್ಲಿ ಹುಡುಗಿ ಹಾಗೇ ಮಲಗಿದ್ದಳು, ಕಣ್ಣು ಸೂರಿನ ಮೇಲೆ. ನಾಡಿ ಜೋರಾಗಿ ಓಡುತ್ತಿತ್ತು. ದಿಂಬು ಬೆವರಿಗೆ ತೊಯ್ದಿತ್ತು.

"ಮನೇಲೂ ಹೀಗೇ ಸುಮ್ನಿರ್ತಾಳಾ?"

"ಇಲ್ಲ ಡಾಕ್ಟ್ರೇ. ದಿನವಿಡೀ ಏನೋ ಗುನುಗ್ತಾ ಇರ್ತಾಳೆ. ಪಕ್ಕದ್ಮನೆಯೋರು ಜೇನುಗೂಡು ಅಂತ ರೇಗಿಸ್ತಾರೆ."

"ಮತ್ತೆ ಸುಮ್ಮನಾಗೋದು ಯಾವಾಗ?"

ತುಮಿರಾ ಹೊದಿಕೆಯ ಅಂಚು ಸರಿಮಾಡಿದಳು. "ನೋವಾದಾಗ."

"ಬೆಳಿಗ್ಗೇನೇ ಹೇಳ್ಬಾರ್ದಿತ್ತಾ?"

"ನೀವು ಜಾಣೆ ಅಂದ್ರಲ್ಲ. ಅಷ್ಟು ದೊಡ್ಡೋರಿಗೆ ಎದುರು ಹೇಳೋಕಾಗುತ್ತಾ."

ಅವನ ಕಿವಿ ಬಿಸಿಯಾಯಿತು. ಹೀಗೆ ಎಷ್ಟು ಮಕ್ಕಳನ್ನು ಜಾಣರೆಂದು ಹೊಗಳಿ ಮುಂದಿನ ಮಂಚಕ್ಕೆ ಹೋಗಿದ್ದನೋ. ಅವರ ಮುಖಗಳೂ ನೆನಪಿರಲಿಲ್ಲ. ಮಾರ್ಫಿನ್ ತರಿಸಿ, ಅಳೆದು, ತಾನೇ ನಿಧಾನವಾಗಿ ಕೊಟ್ಟ.

"ತಪ್ಪು ನಂದೇ ಅಮ್ಮ. ಬೈದುಬಿಡಿ."

"ಅಯ್ಯೋ, ಏನಿಲ್ಲ ಬಿಡಿ ಡಾಕ್ಟ್ರೇ." ಅವಳು ನಕ್ಕು, ಸಲಾಕ್ ಹಣ್ಣೊಂದನ್ನು ಸುಲಿದು ಅವನ ಮುಂದೆ ಹಿಡಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೇಡ ಎನ್ನಲಾರದೆ ತಿಂದ, ಬರೀ ಒಗರು.

ಹುಡುಗಿಯ ಕಣ್ಣು ಮುಚ್ಚಿತು. ನಾಡಿಯ ಓಟ ಇಳಿಯಿತು. ನೋವು ಹೋಯಿತೋ, ನೋವನ್ನು ತೋರಿಸುವ ತ್ರಾಣವನ್ನೇ ಮದ್ದು ಕಿತ್ತುಕೊಂಡಿತೋ? ಬೆಳಗಿನ ಮೌನಕ್ಕೂ ಈ ಮೌನಕ್ಕೂ ಏನು ವ್ಯತ್ಯಾಸವೆಂದು ಅಷ್ಟು ಓದಿದವನಿಗೆ ತಿಳಿಯಲಿಲ್ಲ. ಗುನುಗು ಕೇಳೀತೇನೋ ಎಂದು ಬಗ್ಗಿ, ಅವಳ ತುಟಿಯ ಬಳಿ ಕಿವಿಯಿಟ್ಟ. ಬೆನ್ನು ನೋಯುವವರೆಗೂ ಹಾಗೇ ನಿಂತ.

ಉಕ್ಕಿಬಂದ ಅಳು ಡಾಕ್ಟರಿಗೆ ಅಡ್ಡಿಯಾಗದಿರಲೆಂದು ತುಮಿರಾ ತಲೆವಸ್ತ್ರದ ತುದಿಯಿಂದ ತನ್ನ ಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಂಡಳು.