ಡಬ್ಬದಡಿಯ ಆರು ದೀಪಗಳು

ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ, ಕೊನೆಗೆ ಬಾಯಿಯ ಆವಿ. ರನ್‌ವೇ ಅಂಚಿನಲ್ಲಿ ಮಂಡಿಯೂರಿ ನಾನು ದೀಪದ ಗಾಜು ಒರೆಸುತ್ತಿದ್ದೆ.

“ಬೇಗ ಕೈ ಆಡಿಸೇ. ಗಾಜಿಗೇನು ಮದುವೆ ಮಾಡ್ತಿದ್ದೀಯಾ?” ಎಂದಳು ನನ್ನ ಓರಗಿತ್ತಿ.

“ಮಾಡ್ತೀನಕ್ಕ. ಗಂಡು ನೀನೇ ಹುಡುಕು.”

ಸೈನ್ಯದ ಆ ಸಣ್ಣ ವಿಮಾನ ನಿಲ್ದಾಣದಲ್ಲಿ ದೀಪಗಳ ಕೆಲಸ ನಮ್ಮಿಬ್ಬರದು. ಹುಲ್ಲು ಕೊಯ್ಯುವ ಯಂತ್ರ ಓಡಾಡಿದರೆ ಕಲ್ಲು ಸಿಡಿದು ಗಾಜು ಒಡೆಯುತ್ತಿತ್ತು. ಅದಕ್ಕೆ ಖಾಲಿ ಎಣ್ಣೆ ಡಬ್ಬಗಳನ್ನು ತಂದು ದೀಪಗಳ ಮೇಲೆ ಬೋರಲು ಹಾಕುತ್ತಿದ್ದೆವು. ಯಾವ ನಿಯಮದಲ್ಲೂ ಇಲ್ಲದ, ನಾವೇ ಕಂಡುಕೊಂಡ ಉಪಾಯ. ಮೇಸ್ತ್ರಿಯ ಬೈಗುಳ ತಿನ್ನುವುದಕ್ಕಿಂತ ಡಬ್ಬ ಹೊರುವುದೇ ವಾಸಿ.

ಆ ಮಧ್ಯಾಹ್ನ ಹುಲ್ಲು ಅರ್ಧ ಕೊಯ್ದಿರುವಾಗಲೇ ಮಳೆ ರಪ್ಪೆಂದು ಬಿತ್ತು. ಕೈಗೆ ಸಿಕ್ಕ ಡಬ್ಬಗಳನ್ನು ಎತ್ತಿಕೊಂಡು ಓಡಿದೆವು. ದೂರದ ತುದಿಯ ಆರು ದೀಪಗಳು ನನ್ನ ಪಾಲಿನವು. ಅವುಗಳ ಡಬ್ಬಗಳು ಅಲ್ಲೇ ಉಳಿದವು.

ಶೆಡ್ಡಿನ ಬಾಗಿಲಲ್ಲಿ ಮೇಸ್ತ್ರಿ ಕೇಳಿದ: “ಡಬ್ಬ ಎಲ್ಲಾ ತೆಗೆದ್ರಾ?”

“ಹೂಂ,” ಅಂದೆ. ಆ ದಿನ ಯಾವ ವಿಮಾನವೂ ಬರುವುದಿರಲಿಲ್ಲ. ಮಳೆ ನಿಂತ ಮೇಲೆ ತೆಗೆದರಾಯಿತು ಎಂದುಕೊಂಡು ಅಂದ ಹೂಂ ಅದು.

ಅರ್ಧ ಗಂಟೆಯಲ್ಲಿ ಸದ್ದು ಕೇಳಿಸಿತು. ಬೇರೆಲ್ಲೋ ಇಳಿಯಬೇಕಿದ್ದ ಸರಕು ವಿಮಾನ ಬಿರುಗಾಳಿಗೆ ಸಿಕ್ಕಿ ನಮ್ಮ ಕಡೆ ತಿರುಗಿತ್ತು. ದೊಡ್ಡ ಹೊಟ್ಟೆಯ ಆ ವಿಮಾನವನ್ನು ನಾವು ಬಸುರಿ ಎಂದು ಕರೆಯುತ್ತಿದ್ದೆವು. ಹಗಲಿನಲ್ಲೇ ಕತ್ತಲು ಕವಿದಿತ್ತು; ದೀಪಗಳನ್ನು ಹೊತ್ತಿಸಿದ್ದರು.

“ಬಸುರಿ ಬಂದ್ಳು,” ಎಂದ ಓರಗಿತ್ತಿ ನನ್ನ ಮುಖ ನೋಡಿದಳು. “ಆ ತುದೀವು ತೆಗೆದ್ಯೇನೇ?”

ನಾನು ಓಡಿದೆ. ಅರ್ಧ ದಾರಿಯೂ ಆಗಿರಲಿಲ್ಲ. ಆ ತುದಿಯ ಕಡೆಯಿಂದಲೇ ಇಳಿಯುತ್ತಿದ್ದ ವಿಮಾನ ರನ್‌ವೇ ಮುಟ್ಟುವ ಮೊದಲೇ ಮಣ್ಣಿನ ದಿಬ್ಬಕ್ಕೆ ಬಡಿಯಿತು. ರೆಕ್ಕೆ ಮುರಿಯಿತು. ಆಮೇಲೆ ಬೆಂಕಿ, ಅಷ್ಟು ಮಳೆಗೂ ಆರದ ಬೆಂಕಿ. ಒಳಗಿದ್ದ ಎಂಟು ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಎಲ್ಲರೂ ಬೆಂಕಿಯ ಕಡೆ ಓಡಿದರು. ನಾನು ದೀಪಗಳ ಕಡೆ ಹೋದೆ. ಡಬ್ಬಗಳನ್ನು ಒಂದೊಂದಾಗಿ ಎತ್ತಿದೆ. ಒಂದೊಂದರ ಕೆಳಗೂ ದೀಪ ಉರಿಯುತ್ತಲೇ ಇತ್ತು. ಆರನ್ನೂ ಚರಂಡಿಗೆ ಎಸೆದೆ.

ವಿಚಾರಣೆಗೆ ಬಂದ ಅಧಿಕಾರಿಗಳಿಗೆ ಎಲ್ಲ ದೀಪಗಳೂ ಉರಿಯುತ್ತಿದ್ದವು ಎಂದೇ ಆಮೇಲೆ ಅಲ್ಲಿಗೆ ಹೋಗಿ ನೋಡಿದವರು ಹೇಳಿದರು. ರನ್‌ವೇ ಎಲ್ಲಿ ಶುರುವಾಗುತ್ತದೆಂದು ಅಂದಾಜು ಮಾಡುವುದರಲ್ಲಿ ಪೈಲಟ್ ತಪ್ಪಿದ ಎಂದು ತೀರ್ಮಾನವಾಯಿತು.

ಬೆಂಕಿಯಲ್ಲಿ ಉಳಿದಿದ್ದ ಅವನ ತಗಡಿನ ಪೆಟ್ಟಿಗೆ ಒಯ್ಯಲು ಅವನ ಹೆಂಡತಿ ನಿಲ್ದಾಣಕ್ಕೆ ಬಂದಳು. ಅದನ್ನಿಟ್ಟಿದ್ದ ಕೋಣೆಯನ್ನು ನಾನೇ ಗುಡಿಸುತ್ತಿದ್ದೆ.

“ಅವರು ಆತುರದ ಮನುಷ್ಯ ಅಲ್ಲಮ್ಮಾ,” ಎಂದಳು. “ಬೂಟಿನ ದಾರ ಕಟ್ಟೋಕೆ ಹತ್ತು ನಿಮಿಷ ತಗೊಳ್ಳೋರು. ನಾನೇ ರೇಗ್ತಿದ್ದೆ. ಅವತ್ತಿಂದು ಏನಾದ್ರೂ ನೆನಪಾದ್ರೆ ಯಾರ ಕೈಲಾದ್ರೂ ಬರೆಸಿ.” ವಿಳಾಸದ ಚೀಟಿ ಕೊಟ್ಟಳು.

ಯಾರ ಕೈಯಲ್ಲಿ ಬರೆಸಲಿ? ಬರೆದವರಿಗೆ ತಿಳಿದರೆ ಊರಿಗೇ ತಿಳಿದಂತೆ.

ಐವತ್ತು ದಾಟಿದ ಮೇಲೆ ರಾತ್ರಿ ಶಾಲೆ ಸೇರಿದೆ. ಮುದುಕಿಗೆ ಓದಿನ ಹುಚ್ಚು ಎಂದು ನಕ್ಕರು. ನನಗೆ ಬೇಕಿದ್ದದ್ದು ಒಂದು ಕಾಗದಕ್ಕೆ ಸಾಲುವಷ್ಟು ಅಕ್ಷರ. ಕಲಿತೆ, ಬರೆದೆ, ಪೆಟ್ಟಿಗೆಯ ತಳದಲ್ಲಿಟ್ಟೆ. ಪಿಂಚಣಿ ಬರಲಿ ಎಂದೆ. ಮಗಳ ಮದುವೆ ಮುಗಿಯಲಿ ಎಂದೆ. ನೆಪಕ್ಕೆ ಬರವೇ? ಹನ್ನೊಂದು ವರ್ಷ ಕಳೆಯಿತು.

ಈ ವರ್ಷ ನಿಲ್ದಾಣದ ಗೇಟಿನ ಬಳಿ ಸತ್ತವರ ನೆನಪಿಗೆ ಕಲ್ಲು ನಿಲ್ಲಿಸಿದರು. ಹೋಗಿ ಬೆರಳಿಟ್ಟು ಓದಿದೆ. ಏಳು ಹೆಸರುಗಳು. ಮತ್ತೆ ಮೇಲಿನಿಂದ ಓದಿದೆ. ಏಳೇ.

“ಪೈಲಟ್ ಹೆಸರೆಲ್ಲಪ್ಪಾ?” ಎಂದು ಕಾವಲುಗಾರನನ್ನು ಕೇಳಿದೆ.

“ಮಿಕ್ಕ ಮನೆಯೋರು ಒಪ್ಪಲಿಲ್ಲ ಅಜ್ಜಿ. ಕೊಂದೋನ ಹೆಸರು ಸತ್ತೋರ ಜೊತೆ ಯಾಕೆ ಅಂದ್ರು.”

ಮನೆಗೆ ಬಂದು ಹಳೆಯ ಕಾಗದ ತೆಗೆದು ಓದಿದೆ. ಅದರಲ್ಲಿ ಮಳೆ ಇತ್ತು, ಹುಲ್ಲಿನ ಯಂತ್ರ ಇತ್ತು, ಮೇಸ್ತ್ರಿಯ ಅವಸರ ಇತ್ತು. ನನ್ನ ಹೂಂ ಇರಲಿಲ್ಲ. ಹರಿದುಹಾಕಿ ಹೊಸದಾಗಿ ಬರೆದೆ: ‘ಆರು ದೀಪಗಳ ಡಬ್ಬ ತೆಗೆಯದೆ ತೆಗೆದೆ ಎಂದು ಸುಳ್ಳು ಹೇಳಿದೆ. ಆಮೇಲೆ ನಾನೇ ಡಬ್ಬಗಳನ್ನು ಚರಂಡಿಗೆ ಎಸೆದೆ. ದೀಪ ಕಂಡಿದ್ದರೆ ನಿಮ್ಮ ಯಜಮಾನರು ಸುಖವಾಗಿ ಇಳಿಯುತ್ತಿದ್ದರೋ ಇಲ್ಲವೋ, ನನಗೆ ತಿಳಿಯದು. ಆದರೆ ರನ್‌ವೇಯ ತುದಿಯನ್ನು ಅವರಿಂದ ಮರೆಮಾಡಿದವಳು ನಾನು. ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸಿ. ಕರೆದಲ್ಲಿಗೆ ಬಂದು ಹೇಳುತ್ತೇನೆ.’

ಓರಗಿತ್ತಿಗೆ ಓದಿ ಹೇಳಿದೆ.

“ಊರು ಹೋಗು ಅನ್ನೋ, ಕಾಡು ಬಾ ಅನ್ನೋ ಕಾಲದಲ್ಲಿ ಇದೆಲ್ಲ ಯಾಕೇ?”

“ಅದಕ್ಕೇ ಅಕ್ಕ.”

“ಹಾಗಾದ್ರೆ ನನ್ನ ಹೆಸರೂ ಹಾಕು. ನಂಗೂ ಗೊತ್ತಿತ್ತಲ್ಲ.” ನಾನು ಪೆನ್ನು ಎತ್ತಿದಾಗ ತಡೆದಳು. “ನಿನ್ನ ಹೆಸರಿನ ಕೆಳಗೆ ಹಾಕು. ಇದೊಂದರಲ್ಲಿ ನೀನೇ ಹಿರಿಯೋಳು.”

ಅಂಚೆ ಕಚೇರಿಯ ಗುಮಾಸ್ತ ಲಕೋಟೆಯನ್ನು ತಿರುಗಿಸಿ ನೋಡಿದ. “ಹಳೇ ವಿಳಾಸ ಅಜ್ಜಿ. ಅವರು ಸಿಗದಿದ್ರೆ ವಾಪಸ್ ಬರುತ್ತೆ.”

“ಬಂದ್ರೆ ನಾನೇ ಹುಡುಕ್ಕೊಂಡು ಹೋಗ್ತೀನಿ. ನೀನು ಈಗ ರಿಜಿಸ್ಟರ್ ಮಾಡಪ್ಪ.”

ಅವನು ಮುದ್ರೆ ಒತ್ತಿ ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಹಾಕಿದ.