ಹೆಸರು ಹಿಡಿದು ಮಾಡಿದ ಪ್ರಾರ್ಥನೆ

ಗೆಳತಿ ಕೇಯ್ಲಾ ತಾನು ಬಸುರಿ ಎಂದು ಗುಟ್ಟಾಗಿ ಹೇಳಿಕೊಂಡದ್ದನ್ನು ದಮಾರಿಸ್ ಚರ್ಚಿನ ಯುವಕೂಟದಲ್ಲಿ ಎದ್ದುನಿಂತು, ಪ್ರಾರ್ಥನೆಯ ಬೇಡಿಕೆ ಎಂದು ಹೆಸರು ಹಿಡಿದು ಹೇಳಿದಳು.

ಕತ್ತಲಾಗುವುದರೊಳಗೆ ಹೊಂಡುರಾಸಿನ ಆ ಗುಡ್ಡದೂರಿನ ಒಲೆ ಒಲೆಯ ಮುಂದೂ ಅದೇ ಮಾತು. ಚರ್ಚಿನ ಸಭೆ ಕೇಯ್ಲಾಳಿಗೆ ಶಿಸ್ತಿನ ಶಿಕ್ಷೆ ವಿಧಿಸಿತು: ಹಿಂದಿನ ಬೆಂಚು, ಹಾಡುವಂತಿಲ್ಲ, ಭಾನುವಾರ ಎಲ್ಲರೆದುರು ತಪ್ಪೊಪ್ಪಿಕೊಳ್ಳಬೇಕು. ಅದಕ್ಕೂ ಮೊದಲು ದಮಾರಿಸ್ ಎದ್ದು ಸಾಕ್ಷಿ ಹೇಳಬೇಕು. ಮಲತಂದೆ ಕೇಯ್ಲಾಳ ಶಾಲೆಯ ಪುಸ್ತಕಗಳನ್ನು ಒಲೆಗೆ ಹಾಕಿದ. ಮಗುವಿನ ಅಪ್ಪ, ಸಭೆಯ ಹಿರಿಯರೊಬ್ಬರ ಮಗ, ಎಂದಿನಂತೆ ಆರಾಧನೆಯಲ್ಲಿ ಡ್ರಮ್ ಬಾರಿಸುತ್ತಿದ್ದ. ಅವನ ಹೆಸರು ಹಿಡಿದು ಯಾರೂ ಪ್ರಾರ್ಥನೆ ಕೇಳಲಿಲ್ಲ.

"ನಾನೇನು ಸುಳ್ಳು ಹೇಳಿದ್ನಾ ಚಿಕ್ಕಮ್ಮ? ಪ್ರಾರ್ಥನೆ ತಾನೆ ಕೇಳಿದ್ದು," ಎಂದಳು ದಮಾರಿಸ್. ಚಿಕ್ಕಮ್ಮ ಎಲ್ವಿಯಾ ಆರೋಗ್ಯ ಕೇಂದ್ರದ ನರ್ಸ್; ಅದೇ ಸಭೆಯವಳು.

"ಹೆಸರು ಯಾಕೆ ಹೇಳ್ದೆ? ದೇವರಿಗೆ ಅವಳ ಮನೆ ಗೊತ್ತಿಲ್ವಾ?"

"ಸುಮ್ನಿದ್ರೆ ಪಾಪ ಮುಚ್ಚಿಟ್ಟ ಹಾಗಾಗಲ್ವಾ?"

"ಸುಮ್ನಿರು ಅಂದೋರ್ಯಾರು? ಅವಳ ಹತ್ರಾನೇ ಮಾತಾಡ್ಬೇಕಿತ್ತು. 'ನಂಗೆ ಭಯ ಆಗ್ತಿದೆ, ನಿಂಗೇನು ಬೇಕು' ಅಂತ ಕೇಳ್ಬೇಕಿತ್ತು. ಆಮೇಲೆ ಬಾಯಿ ಮುಚ್ಕೊಂಡು ಕೇಳಿಸ್ಕೋಬೇಕು. ಜೀವಕ್ಕೆ ಅಪಾಯ ಅನ್ನಿಸಿದ್ರೆ, ಅವಳಿಗೆ ಹೇಳಿಯೇ, ನಂಬೋ ದೊಡ್ಡೋರೊಬ್ಬರ ಹತ್ರ ಹೋಗು. ಒಬ್ಬರ ಹತ್ರ ಕಣೇ, ಬೆಂಚುಗಟ್ಟಲೆ ಜನರ ಹತ್ರ ಅಲ್ಲ."

ದಮಾರಿಸ್ ಹುಡುಕಿಕೊಂಡು ಹೋದಾಗ ಕೇಯ್ಲಾ ತನ್ನ ಮನೆಯ ಹಿತ್ತಲ ನೀರಿನ ತೊಟ್ಟಿಯ ಬಳಿ ಬಟ್ಟೆ ತಿಕ್ಕುತ್ತಿದ್ದಳು. ತಲೆಯೆತ್ತಲಿಲ್ಲ.

"ಏನು, ಇನ್ನೊಂದು ಪ್ರಾರ್ಥನೆಗೆ ಸರಕು ಸಾಲ್ದಾಯ್ತಾ?"

ಸಮಾಧಾನದ ಮಾತು ದಮಾರಿಸಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದಳು.

"ನಿನ್ನ ಗುಟ್ಟು ನಂಗೆ ಗೊತ್ತು ಅಂತ ಎಲ್ಲರ ಮುಂದೆ ತೋರಿಸ್ಕೊಳ್ಳೋ ಆಸೆ ಇತ್ತು. ಅದಕ್ಕೆ ಪ್ರಾರ್ಥನೆ ಅಂತ ಹೆಸರಿಟ್ಟೆ. ತಪ್ಪು ನಂದು."

"ಕ್ಷಮಿಸಿದೆ ಅಂದ್ರೆ ನಾನು ಸುಳ್ಳು ಹೇಳ್ದ ಹಾಗಾಗುತ್ತೆ."

"ಹೇಳ್ಬೇಡ. ನಿಂಗೇನು ಬೇಕು?"

ಕೇಯ್ಲಾ ಅಂಗಿಯ ತೋಳು ಮೇಲೆ ಸರಿಸಿದಳು. ಮಲತಂದೆಯ ಬೆಲ್ಟಿನ ಬಾಸುಂಡೆ.

"ಇದನ್ನ ನಾನೊಬ್ಬಳೇ ಇಟ್ಕೊಳ್ಳೋಕಾಗಲ್ಲ ಕೇಯ್ಲಾ. ಚಿಕ್ಕಮ್ಮನ್ನ ಕರ್ಕೊಂಡು ಬರ್ಲಾ?"

"ಅವರೊಬ್ಬರೇ. ಬೇರೆ ಯಾರಾದ್ರೂ ಬಂದ್ರೆ ಬಾಗಿಲು ತೆಗೆಯಲ್ಲ."

ಎಲ್ವಿಯಾ ಬಂದಳು. ಆ ಸಂಜೆಯೇ ಕೇಯ್ಲಾಳನ್ನು ತನ್ನ ಮನೆಗೆ ಕರೆದೊಯ್ದಳು. ಸುಟ್ಟ ಪುಸ್ತಕ ಮರಳಲಿಲ್ಲ, ಗೆಳೆತನವೂ ಇನ್ನೂ ಮರಳಿಲ್ಲ.

ಇದನ್ನು ಓದುತ್ತಿರುವ ತಮ್ಮ, ತಂಗಿ, ನಿನ್ನ ಸಭೆಯಲ್ಲೂ ಇಂಥ ಪ್ರಾರ್ಥನೆಗಳು ನಡೆಯುತ್ತವೆ. ನನಗೂ ಗೊತ್ತು, ನಿನಗೂ ಗೊತ್ತು. ಇನ್ನೊಬ್ಬರ ನೋವು ಬಾಯಿಗೆ ಬಂದಾಗ ಮೊದಲು ಅವರ ಬಾಗಿಲು ತಟ್ಟು. ನಿಜವನ್ನು ಅವರ ಮುಖ ನೋಡಿ ಹೇಳು, ಮೆತ್ತಗೆ ಹೇಳು. ಅವರ ಬೆನ್ನ ಹಿಂದೆ ಹೇಳಿದ ನಿಜಕ್ಕೆ ಭಕ್ತಿಯ ಬಟ್ಟೆ ತೊಡಿಸಬೇಡ.

ಭಾನುವಾರ ಬಂತು. ಕೇಯ್ಲಾ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು.

"ಸಹೋದರಿ ದಮಾರಿಸ್," ಎಂದರು ಪಾಸ್ಟರ್, "ನಿಮಗೆ ಗೊತ್ತಿರೋದನ್ನ ಸಭೆಗೆ ಹೇಳಿ. ಎಲ್ಲರೂ ಸೇರಿ ಪ್ರಾರ್ಥಿಸೋಣ."

ದಮಾರಿಸ್ ಎದ್ದಳು.

"ನನ್ನ ತಪ್ಪು ಏನಿದೆ, ಕೇಳಿ, ಹೇಳ್ತೀನಿ ಪಾಸ್ಟರ್. ಅವಳದ್ದು ಹೇಳಲ್ಲ."